ಅಗ್ನಿಬಾಣವೂ ವಿದ್ಯುತ್ಕಾಂತೀಯ ಫಿರಂಗಿಯೂ: ಗುರಿಯ ನಿಖರತೆಯನ್ನು ಕುರಿತ ಒಂದು ವಿಚಾರ

ಕ್ರಿ. ಶ. ೧೭೬೩ರಲ್ಲಿ ಬಿದನೂರೂ ೧೭೭೯ರಲ್ಲಿ ಚಿತ್ರದುರ್ಗವೂ ಹೈದರಾಲಿಯ ವಶವಾದುವು. ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳು ೧೯೯೭ರವರೆಗೆ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ಹಳೆಯ ಬಿದನೂರಾದ ನಗರದ ಬಾವಿಯೊಂದರಲ್ಲಿ ೨೦೧೮ರಲ್ಲಿ ಸಾವಿರಕ್ಕೂ ಮಿಕ್ಕ ಅಗ್ನಿಬಾಣಗಳು ದೊರೆತುದರಿಂದ ಈ ಸೀಮೆಯ ಯುದ್ಧಚರಿತ್ರೆಗೆ ಹೊಸ ಸಾಮಗ್ರಿ ಒದಗಿದೆ. ಈ ಬಾಣಗಳು ಎಷ್ಟು ದೂರ ಹಾರುತ್ತಿದ್ದುವೆಂಬುದನ್ನು ಚರಿತ್ರಕಾರರು ಬಣ್ಣಿಸಿರುವರು; ಎಷ್ಟು ನೇರವಾಗಿ ಹಾರುತ್ತಿದ್ದುವೆಂಬುದನ್ನು ವಿಚಾರಿಸಿದವರು ವಿರಳ.

ರೊದ್ದಂ ನರಸಿಂಹರು ೧೯೮೫ರಲ್ಲಿ ವಿವರಿಸಿದ ಬಾಣವೊಂದರ ಕಬ್ಬಿಣದ ಕೊಳವೆ ೫೮ ಮಿಲಿಮೀಟರ್ ವ್ಯಾಸ, ೨೫೪ ಮಿಲಿಮೀಟರ್ ಉದ್ದದ್ದು; ಅದಕ್ಕೆ ಒಂದು ಮೀಟರಿಗೆ ತುಸು ಮಿಕ್ಕ ಕತ್ತಿಯನ್ನು ಕಟ್ಟಲಾಗಿತ್ತು. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಾಳಿ ದೂರವನ್ನು ವೃದ್ಧಿಗೊಳಿಸಿತು, ನೇರಗತಿಯನ್ನಲ್ಲ. ದಾರಿ ತೋರುವ ನಳಿಗೆಯಿಲ್ಲದ ಬಾಣವು ಮೊದಲಲ್ಲಿ ನಿಧಾನವಾಗಿ ಚಲಿಸುವುದರಿಂದ ಅಡ್ಡಗಾಳಿಗೆ ಸುಲಭವಾಗಿ ವಶವಾಗುತ್ತದೆ. ಮದ್ದು ಉರಿಯುತ್ತಿರುವಾಗ ಅದರ ಮೂತಿ ಗಾಳಿ ಬೀಸುವ ಕಡೆಗೇ ತಿರುಗುತ್ತದೆ. ಮದ್ದು ಓರೆಯಾಗಿ ಉರಿದರಂತೂ ದಾರಿ ಇನ್ನಷ್ಟು ತಪ್ಪುತ್ತದೆ. ಆದುದರಿಂದಲೇ ಮೈಸೂರಿನವರು ಒಬ್ಬನನ್ನು ಗುರಿಯಾಗಿಸದೆ, ಕುದುರೆಯ ದಂಡು, ಪಾಳೆಯ ಮೊದಲಾದ ವಿಶಾಲ ಗುರಿಗಳ ಮೇಲೆ ಬಾಣಗಳನ್ನು ಗುಂಪಾಗಿ ಹಾರಿಸಿದರು. ೧೭೯೯ರ ಏಪ್ರಿಲ್ ೫ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಬಾಣ, ಬಂದೂಕುಗಳೆರಡರ ಹೊಡೆತಕ್ಕೆ ವೆಲ್ಲೆಸ್ಲಿಯ ಪಡೆ ಹಿಂದೆಗೆಯಿತು.

ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಮರಳಿ ಬಂದಿದೆ. ೧೯೦೧ರಲ್ಲಿ ನಾರ್ವೆಯ ಬಿರ್ಕೆಲೆಂಡನು ಸುರುಳಿಗಳ ವಿದ್ಯುತ್ಕಾಂತೀಯ ಫಿರಂಗಿಯೊಂದನ್ನು ರಚಿಸಿದನು. ಅನಂತರ ಬಂದ ಹಳಿಯ ಫಿರಂಗಿಯಲ್ಲಿ ಎರಡು ಹಳಿಗಳ ನಡುವೆ ಹರಿಯುವ ಪ್ರಬಲ ವಿದ್ಯುತ್ತು ಗುಂಡನ್ನು ಸೆಕೆಂಡಿಗೆ ಎರಡು ಕಿಲೋಮೀಟರಿಗೂ ಮಿಕ್ಕ ವೇಗದಿಂದ ತಳ್ಳಬಲ್ಲದು. ಆದರೆ ಸಾಮಾನ್ಯ ಫಿರಂಗಿಯ ತಿರುಚುಗೆರೆಗಳು ಗುಂಡಿಗೆ ಕೊಡುವ ತಿರುಗುಚಲನೆಯನ್ನು ನೇರವಾದ ಹಳಿಗಳು ಕೊಡಲಾರವು. ಬಾಣಕ್ಕೆ ಕತ್ತಿಯಂತೆ ಇಲ್ಲಿ ಗುಂಡಿಗೆ ರೆಕ್ಕೆಗಳು ಬೇಕಾಗುತ್ತವೆ. ಹಳಿಗಳು ಕಂಪಿಸಿ ಗುಂಡು ಸಾವಿರದಲ್ಲೊಂದು ಪಾಲು ಓರೆಯಾಗಿ ಹೊರಟರೂ, ನೂರು ಕಿಲೋಮೀಟರ್ ದೂರದಲ್ಲಿ ನೂರು ಮೀಟರ್ ತಪ್ಪುತ್ತದೆ. ಹಾರುತ್ತಿರುವಾಗಲೇ ದಾರಿಯನ್ನು ತಿದ್ದಿಕೊಳ್ಳುವ ಗುಂಡನ್ನು ಅಮೆರಿಕದ ನೌಕಾಪಡೆ ಬಯಸಿದ್ದು ಇದಕ್ಕಾಗಿಯೇ. ೨೦೨೧ರಲ್ಲಿ ಅದು ಈ ಫಿರಂಗಿಯ ಕಾರ್ಯವನ್ನೇ ಕೈಬಿಟ್ಟಿತು.

ಬಲವೂ ನಿಖರತೆಯೂ ಬೇರೆ ಬೇರೆ ಸಿದ್ಧಿಗಳೆಂಬುದು ಇದರಿಂದ ಸ್ಪಷ್ಟ. ಬಾಣವು ಗುರಿ ತಪ್ಪುತ್ತಿತ್ತೆಂದು ಹಳಿಯುವುದೂ, ದೂರ ಹಾರುತ್ತಿತ್ತೆಂದು ಮಾತ್ರ ಹೊಗಳುವುದೂ ಸಮನಾದ ಅನ್ಯಾಯ. ನಗರದ ಕೊಳವೆಗಳ ವ್ಯಾಸ, ತೂಕ, ಗೋಡೆಯ ದಪ್ಪಗಳು ಒಂದರಿಂದೊಂದಕ್ಕೆ ಎಷ್ಟು ಭಿನ್ನವಾಗಿವೆಯೆಂದು ಅಳೆದರೆ, ಅಂದಿನ ಕಮ್ಮಾರರ ಕೈ ಎಷ್ಟು ಹದವಾಗಿತ್ತೆಂಬುದು ತಿಳಿಯುತ್ತದೆ. ತುಕ್ಕು ಆ ಸಾಕ್ಷ್ಯವನ್ನು ತಿನ್ನುವ ಮೊದಲೇ ಈ ಕೆಲಸ ನಡೆಯಬೇಕು.