ಮುಖೇಡಿತನ, ಆತಂಕ, ಆಟಿಸಂ: ದಾವಣಗೆರೆ–ಹರಿಹರ ಸೀಮೆಯಲ್ಲಿ ಒಂದು ರೋಗನಿರ್ಣಯದ ಇತಿಹಾಸ

ಆಟಿಸಂ ಮತ್ತು ಸಾಮಾಜಿಕ ಆತಂಕ ಹೊರನೋಟಕ್ಕೆ ಒಂದೇ ಥರ ಕಾಣುತ್ತವೆ. ಮುಖ ಕೊಟ್ಟು ಮಾತಾಡದ, ನೆಂಟರು ಬಂದರೆ ಒಳಕೋಣೆ ಸೇರುವ, ತರಗತಿಯಲ್ಲಿ ಹೆಸರು ಕೂಗಿದರೂ ಬಾಯಿ ಬಿಡದ ಹುಡುಗ ಎರಡರಲ್ಲೂ ಸಿಗುತ್ತಾನೆ. ಇಂಥವರಿಗೆ ವೈದ್ಯರು ಹೆಸರಿಡುವ ಮೊದಲೇ ಮನೆಮಾತಿನಲ್ಲಿ ಹೆಸರುಗಳಿದ್ದವು: ಮುಖೇಡಿ, ಪುಕ್ಕಲ, ಬಾಯಿ ಸತ್ತವ. ಹುಡುಗಿಯಾದರೆ ಅದು ಕೊರತೆಯೂ ಅಲ್ಲ, ‘ಗಂಭೀರ ಸ್ವಭಾವ’. ಎಷ್ಟೋ ಹುಡುಗಿಯರ ತೊಂದರೆ ಆಸ್ಪತ್ರೆಯ ಮೆಟ್ಟಿಲು ಹತ್ತದೇ ಹೋಗಿದ್ದಕ್ಕೆ ಈ ಹೊಗಳಿಕೆಯೂ ಕಾರಣ.

ಶಾಸ್ತ್ರದಲ್ಲಿ ಇವೆರಡೂ ಬೇರೆ ಬೇರೆ ದಾರಿ ಹಿಡಿದು ಬಂದವು. ಸಾಮಾಜಿಕ ಸನ್ನಿವೇಶಗಳ ಭಯವನ್ನು ಫ್ರಾನ್ಸಿನ ಪಿಯರ್ ಜಾನೆ 1903ರಲ್ಲಿ ಗುರುತಿಸಿದ. ಬಾಲ್ಟಿಮೋರಿನ ಲಿಯೋ ಕ್ಯಾನರ್ 11 ಮಕ್ಕಳನ್ನು ಕಂಡು ಆಟಿಸಂ ಬಗ್ಗೆ ಬರೆದದ್ದು 1943ರಲ್ಲಿ. ಒಂದು ದೊಡ್ಡವರ ಮನೋವೈದ್ಯರ ಪಾಲಾಯಿತು, ಇನ್ನೊಂದು ಮಕ್ಕಳ ವೈದ್ಯರದು. ಅಮೆರಿಕದ ಮನೋವೈದ್ಯ ಸಂಘದ 1980ರ ಕೈಪಿಡಿ ಎರಡಕ್ಕೂ ಜಾಗ ಕೊಟ್ಟಿತು, ಆದರೆ ದೂರದೂರದ ಅಧ್ಯಾಯಗಳಲ್ಲಿ. 1994ರ ಆವೃತ್ತಿ ಇನ್ನೂ ಬಿಗಿ: ಭಯಕ್ಕೆ ಆಟಿಸಂ ವರ್ಗದ ತೊಂದರೆಯೇ ಕಾರಣ ಎನಿಸಿದರೆ ಸಾಮಾಜಿಕ ಭಯ ಎಂದು ಬರೆಯುವಂತಿರಲಿಲ್ಲ; ಮಗುವಿನ ವಿಷಯದಲ್ಲಿ ಆ ಹೆಸರು ಕೊಡಬೇಕಾದರೆ ಪರಿಚಿತರ ಜೊತೆ ವಯಸ್ಸಿಗೆ ತಕ್ಕಂತೆ ಬೆರೆಯುವ ಶಕ್ತಿ ಅದಕ್ಕೆ ಇರಲೇಬೇಕಿತ್ತು.

ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದದ್ದು 1965ರಲ್ಲಿ. ಆಗ ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಯ ಊರುಗಳು. 1985ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್, ಚಿತ್ರದುರ್ಗದ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗಕ್ಕೆ ಇಳಿಯಿತು. 1997ರ ಆಗಸ್ಟ್ 15ರಂದು ಹುಟ್ಟಿದ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಮತ್ತೆ ಬಳ್ಳಾರಿಗೆ ಮರಳಿದ ಹರಪನಹಳ್ಳಿ ಆಗ ಬಳ್ಳಾರಿಯದೇ ತಾಲೂಕು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದ ಆ ಪ್ರಯೋಗದ ಗಮನ ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯಗಳ ಮೇಲಿತ್ತು. ಮಾತಾಡದ ಮಗು ಬುದ್ಧಿಮಾಂದ್ಯದ ಲೆಕ್ಕಕ್ಕೆ ಹೋಗಬಹುದಿತ್ತು. ಮಾತಾಡಬಲ್ಲ, ಆದರೆ ಆಡದ ಮಗು ಯಾವ ಲೆಕ್ಕಕ್ಕೂ ಇಲ್ಲ.

ಗೆರೆ ಎಳೆಯುವ ಅಳತೆಗೋಲು ಬಂದದ್ದು 2009ರಲ್ಲಿ. ಸಿಕಂದರಾಬಾದಿನ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆ ಭಾರತೀಯ ಆಟಿಸಂ ಮಾಪನ ಪಟ್ಟಿಯನ್ನು ಹೊರತಂದಿತು. ಅಂಗವಿಕಲರಿಗಾಗಿ ಇರುವ ದಾವಣಗೆರೆಯ ಸಂಯುಕ್ತ ಪ್ರಾದೇಶಿಕ ಕೇಂದ್ರ ಇಂದು ಅದೇ ಸಂಸ್ಥೆಯ ಆಡಳಿತದಲ್ಲಿದೆ. ಪಟ್ಟಿಯಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಮೊತ್ತ 70 ಮುಟ್ಟಿದರೆ ಆಟಿಸಂ. ಮೊದಲ ಅಂಶವೇ ಕಣ್ಣು ಕೂಡಿಸದಿರುವುದು. ಆಮೇಲೆ ನಗುವಿಗೆ ನಗದಿರುವುದು, ಒಂಟಿಯಾಗಿ ಉಳಿಯುವುದು. ಒಡನಾಟಕ್ಕೆ ಸಂಬಂಧಿಸಿದ ಈ ಮೊದಲ ಗುಂಪಿನಲ್ಲಿ 9 ಅಂಶಗಳಿವೆ. ಬರೀ ಸಂಕೋಚದ ಮಗುವಿಗೆ ಇವುಗಳಲ್ಲಿ ನಾಲ್ಕು ನಾಲ್ಕು ಅಂಕ, ಉಳಿದ 31ರಲ್ಲಿ ಒಂದೊಂದೇ ಬಿತ್ತೆನ್ನಿ: 36ಕ್ಕೆ 31 ಸೇರಿ 67, ಗೆರೆಯ ಈಚೆ. ಆ ನಾಲ್ಕುಗಳನ್ನು ಐದು ಮಾಡಿದರೆ 76, ಗೆರೆಯ ಆಚೆ. ಮಗು ಅದೇ, ಅಪರಿಚಿತ ಕೋಣೆಯಲ್ಲಿ ಅದು ಅವತ್ತು ಎಷ್ಟು ಹೆದರಿತ್ತು ಅನ್ನುವುದಷ್ಟೇ ವ್ಯತ್ಯಾಸ. ಹಾಗಾಗಿ ಪಳಗಿದವರು ಮೊತ್ತಕ್ಕಿಂತ ಅಂಕಗಳು ಎಲ್ಲಿ ಬಿದ್ದಿವೆ ಎಂದು ನೋಡುತ್ತಾರೆ: ಹೇಳಿದ್ದನ್ನೇ ಮರಳಿ ಹೇಳುವುದು, ಬದಲಾವಣೆ ಒಪ್ಪದಿರುವುದು, ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು.

ಮನೆಯೊಳಗಿನ ಮಾತೂ ಗುರುತು ಕೊಡುತ್ತದೆ. ಆತಂಕದ ಮಗು ಬಾಗಿಲು ಹಾಕಿದ ಮೇಲೆ ಅಜ್ಜಿಯ ಜೊತೆ ಹರಟುತ್ತದೆ, ಕೇಳುತ್ತದೆ, ಜಗಳವಾಡುತ್ತದೆ. ಆಟಿಸಂ ಇರುವ ಮಗು ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಎಂದು ರೈಲು ನಿಲ್ದಾಣಗಳನ್ನು ಸಾಲಾಗಿ ಒಪ್ಪಿಸಬಹುದು, ಆದರೆ ಕೇಳುವವರು ಬೇಸತ್ತದ್ದು ಅದಕ್ಕೆ ತಿಳಿಯದಿರಬಹುದು.

ಹೆಸರು ಯಾವುದು ಎಂಬುದಕ್ಕೆ ಕಾನೂನಿನ ತೂಕವೂ ಬಂತು. 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು, 2016ರ ಕಾಯ್ದೆಯ 21 ವರ್ಗಗಳಲ್ಲೂ ಅದು ಸೇರಿತು. ಸಾಮಾಜಿಕ ಆತಂಕಕ್ಕೆ ಆ ಪಟ್ಟಿಯಲ್ಲಿ ಸ್ವಂತ ಸಾಲಿಲ್ಲ.

ಇದೋ ಅದೋ ಎಂಬ ಹಠ ಅಷ್ಟರಲ್ಲಿ ಸಡಿಲವಾಗಿತ್ತು. 31 ಅಧ್ಯಯನಗಳನ್ನು ಕೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಆಟಿಸಂ ಇರುವ ಎಳೆಯರಲ್ಲಿ ಸುಮಾರು ಶೇ. 40ರಷ್ಟು ಮಂದಿಗೆ ಯಾವುದಾದರೂ ಆತಂಕದ ಕಾಯಿಲೆ, ಸುಮಾರು ಶೇ. 17ರಷ್ಟು ಮಂದಿಗೆ ಸಾಮಾಜಿಕ ಆತಂಕವೇ ಇತ್ತು. ಒಂದರ ಮೇಲೊಂದು ಬೆಳೆಯುವುದೂ ಸಹಜ: ಮಾತಿನ ಇಂಗಿತ ತಿಳಿಯದೆ ತರಗತಿಯಲ್ಲಿ ನಗೆಪಾಟಲಾದ ಹುಡುಗ ಪಿಯುಸಿ ಹೊತ್ತಿಗೆ ನಿಜಕ್ಕೂ ಜನರಿಗೆ ಹೆದರುತ್ತಾನೆ.

ಸರ್ಕಾರಿ ವ್ಯವಸ್ಥೆಯಲ್ಲಿ ಮಾತ್ರ ಹಳೆಯ ಕವಲು ಹಾಗೇ ಇದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷದವರೆಗಿನ ತಪಾಸಣೆಯಲ್ಲಿ ಆಟಿಸಂ ಹುಡುಕುತ್ತದೆ. 2014ರಲ್ಲಿ ಬಂದ ಮನೋಚೈತನ್ಯ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಯೋಜನೆ. ಹತ್ತೊಂಬತ್ತರ ಹುಡುಗನೊಬ್ಬ ಅಲ್ಲಿಗೆ ಬಂದರೆ ವೈದ್ಯರಿಗೆ ಎದುರು ಕಾಣುವುದು ಭಯ. ಆಟಿಸಂ ಎನ್ನಲು ಎಳವೆಯ ಲಕ್ಷಣಗಳು ತಿಳಿಯಬೇಕು; ಮೂರು ವರ್ಷದೊಳಗೆ ಅವನು ಹೇಗಿದ್ದ ಎಂದು ಹೇಳಬಲ್ಲವರು ತಾಯಿ ಅಥವಾ ಅಜ್ಜಿ. ಅವರು ಜೊತೆಗೆ ಬಂದಿರದಿದ್ದರೆ ಚೀಟಿಯ ಮೇಲೆ ಬರುವುದು ಆತಂಕ ಎಂದಷ್ಟೇ.