ಏರಿನಲ್ಲಿ ಕೈಗೆ ಬಂದ ಗಾಡಿ: ಹಳೆಯ ಬ್ರಿಟಿಷ್ ಲಾರಿಗಳ ಬಗೆಗಿನ ಚಾಲಕರ ನೆನಪನ್ನು ಆಕರವಾಗಿ ಓದುವ ಬಗೆ

1940ರ ದಶಕದ ಕೊನೆಯಿಂದ 1970ರ ದಶಕದವರೆಗೆ ಬ್ರಿಟನ್ನಿನಲ್ಲಿ ಲಾರಿ ಓಡಿಸಿದವರ ನೆನಪುಗಳನ್ನು ಒಟ್ಟಿಗೆ ಇಟ್ಟು ಓದುವವರಿಗೆ ಮೊದಲು ಎದುರಾಗುವುದು ವೈರುಧ್ಯ. ಗಾರ್ಡ್ನರ್ ಎಂಜಿನ್ನಿನ ಎಂಟು ಚಕ್ರದ ಲಾರಿಯನ್ನು ಒಬ್ಬರು ಎಂದೂ ಕೈಕೊಡದ ಗಾಡಿ ಎಂದು ಕೊಂಡಾಡುತ್ತಾರೆ. ಅಂಥದೇ ಗಾಡಿಯಲ್ಲಿ ದುಡಿದ ಇನ್ನೊಬ್ಬರು ಅದು ಏರಿನಲ್ಲಿ ತೆವಳುತ್ತಿತ್ತು, ಚಳಿಗಾಲದಲ್ಲಿ ಕಾಲು ಮರಗಟ್ಟಿಸುತ್ತಿತ್ತು, ಅದರ ದೆಸೆಯಿಂದ ತೋಳು ಸೋತುಹೋಯಿತು ಎನ್ನುತ್ತಾರೆ. ಸಾರಿಗೆಯ ಇತಿಹಾಸಕಾರರು ಇಂಥ ಕಡೆ ಚಾಲಕರ ಮಾತನ್ನು ಬದಿಗಿಟ್ಟು ಕಂಪನಿಯ ಕೈಪಿಡಿ, ಪತ್ರಿಕೆಗಳ ಪರೀಕ್ಷಾ ವರದಿ, ಸರ್ಕಾರದ ಕಡತಗಳತ್ತ ತಿರುಗುವುದುಂಟು. ಇದು ನಷ್ಟದ ದಾರಿ ಎಂಬುದು ಈ ಲೇಖನದ ವಾದ. ಚಾಲಕ ನೆನಪಿಟ್ಟುಕೊಂಡದ್ದು ಬರಿಯ ಯಂತ್ರವನ್ನಲ್ಲ. ಒಂದು ಹೊರೆ, ಒಂದು ರಸ್ತೆ, ಆ ಕಾಲದ ಒಂದು ಕಾನೂನು, ಆಮೇಲೆ ತಾನು ಹತ್ತಿದ ಇನ್ನೊಂದು ಗಾಡಿ ಇವೆಲ್ಲ ಸೇರಿ ಅವನ ಕೈಗೆ ಬಂದ ಅನುಭವವನ್ನು. ಈ ನಾಲ್ಕನ್ನೂ ಬಿಡಿಸಿ ನೋಡಿದರೆ ವೈರುಧ್ಯ ಬಹುಮಟ್ಟಿಗೆ ಕರಗುತ್ತದೆ. ಕರಗದೆ ಉಳಿದದ್ದೂ ಏನನ್ನಾದರೂ ಹೇಳುತ್ತದೆ.

ಮೌಖಿಕ ಇತಿಹಾಸಕಾರ ಅಲೆಸ್ಸಾಂದ್ರೊ ಪೊರ್ತೆಲ್ಲಿ ಇಟಲಿಯ ತೆರ್ನಿಯ ಕಾರ್ಮಿಕರನ್ನು ಕುರಿತು ಬರೆದ ಅಧ್ಯಯನವನ್ನು ಇಲ್ಲಿ ನೆನೆಯಬಹುದು. 1949ರಲ್ಲಿ ನಡೆದ ಒಬ್ಬ ಕಾರ್ಮಿಕನ ಸಾವನ್ನು ಅಲ್ಲಿಯ ಹಲವರು 1953ರ ಗಲಭೆಗಳ ಜೊತೆ ಸೇರಿಸಿ ಹೇಳುತ್ತಿದ್ದರು. ಆ ತಪ್ಪನ್ನು ತಿದ್ದಿ ಮುಂದೆ ಹೋಗದೆ, ಜನ ಹಾಗೆ ನೆನೆದದ್ದೇಕೆ ಎಂದು ಪೊರ್ತೆಲ್ಲಿ ಕೇಳಿದರು. ಲಾರಿ ಚಾಲಕರ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಲು ಅವಕಾಶವಿದೆ. ಇವರ ನೆನಪನ್ನು ಲೋಹದ ಎದುರಿಗಿಟ್ಟು ಪರೀಕ್ಷಿಸಬಹುದು: ಎಂಜಿನ್ನಿನ ಶಕ್ತಿ, ಗಾಡಿಯ ತೂಕ, ಗೇರುಗಳ ಸಂಖ್ಯೆ, ಬ್ರೇಕಿನ ಬಗೆ ಎಲ್ಲವೂ ಅಚ್ಚಿನಲ್ಲಿವೆ.

ಮೊದಲು ಹೆಸರಿನ ಗೊಂದಲವೊಂದನ್ನು ಬಗೆಹರಿಸಬೇಕು. ಲ್ಯಾಂಕಾಶೈರಿನ ಲೇಲ್ಯಾಂಡ್ ಮತ್ತು ಲಂಡನ್ನಿನ ಪಶ್ಚಿಮಕ್ಕೆ ಸೌತಾಲ್‌ನಲ್ಲಿದ್ದ ಎಇಸಿ ತಮ್ಮ ಎಂಜಿನ್ನುಗಳನ್ನು ತಾವೇ ಮಾಡುತ್ತಿದ್ದವು. ಸ್ಯಾಂಡ್‌ಬ್ಯಾಚಿನ ಇಆರ್‌ಎಫ್, ಪ್ರೆಸ್ಟನ್ ಬಳಿಯ ಆಟ್ಕಿನ್ಸನ್ ಮೊದಲಾದ ಕಂಪನಿಗಳು ಎಂಜಿನ್ನನ್ನು ಹೆಚ್ಚಾಗಿ ಮ್ಯಾಂಚೆಸ್ಟರ್ ಬಳಿಯ ಪ್ಯಾಟ್ರಿಕ್ರಾಫ್ಟಿನ ಗಾರ್ಡ್ನರ್ ಕಾರ್ಖಾನೆಯಿಂದಲೂ, ಗೇರ್‌ಬಾಕ್ಸನ್ನು ಡೇವಿಡ್ ಬ್ರೌನ್‌ನಂಥವರಿಂದಲೂ, ಆಕ್ಸಲನ್ನು ಕರ್ಕ್‌ಸ್ಟಾಲ್‌ನಿಂದಲೂ ತಂದು ಜೋಡಿಸುತ್ತಿದ್ದವು. ಹೀಗಾಗಿ ಮುಂದಿನ ಫಲಕದ ಮೇಲೆ ಯಾವ ಹೆಸರಿದ್ದರೂ ಸೀಟಿನಲ್ಲಿ ಕೂತವನಿಗೆ ಸಿಗುತ್ತಿದ್ದದ್ದು ಹಲವು ಸಲ ಒಂದೇ ಎಂಜಿನ್ನು, ಒಂದೇ ಬಗೆಯ ಗೇರು. ಚಾಲಕರ ಮಾತಿನಲ್ಲಿ ಕಂಪನಿಯ ಹೆಸರಿಗಿಂತ ಎಂಜಿನ್ನಿನ ಹೆಸರು ಮುಂದಾಗಿ ಬರುವುದಕ್ಕೆ ಇದು ಕಾರಣ. ಕಂಪನಿವಾರು ಬರೆದ ಇತಿಹಾಸಗಳಿಗಿಂತ ಅವರ ವರ್ಗೀಕರಣವೇ ಹೆಚ್ಚು ಶಾಸ್ತ್ರೀಯ ಎಂದು ನನಗೆ ತೋರುತ್ತದೆ.

ಗಾರ್ಡ್ನರ್ 6ಎಲ್‌ಡಬ್ಲ್ಯು ಎಂಜಿನ್ನನ್ನು ತುಸು ಹತ್ತಿರದಿಂದ ನೋಡೋಣ. ಆರು ಸಿಲಿಂಡರ್, 8.4 ಲೀಟರ್, ಯುದ್ಧಾನಂತರದ ರೂಪದಲ್ಲಿ ನಿಮಿಷಕ್ಕೆ 1,700 ಸುತ್ತಿಗೆ 112 ಅಶ್ವಶಕ್ತಿ. 1950ರ ದಶಕದ ಕೊನೆಯಲ್ಲಿ ಎಂಟು ಚಕ್ರದ ಲಾರಿಗೆ ಸರಕೂ ಸೇರಿ 24 ಟನ್ ತೂಕಕ್ಕೆ ಅನುಮತಿಯಿತ್ತು. ಟನ್ನಿಗೆ ಐದು ಅಶ್ವಶಕ್ತಿಯೂ ಇಲ್ಲ. ಡೀಸೆಲ್ ಉಳಿತಾಯಕ್ಕೆ, ಬಾಳಿಕೆಗೆ ಅದಕ್ಕೆ ಸಾಟಿಯಿರಲಿಲ್ಲವಾದ್ದರಿಂದ ಮಾಲೀಕರಿಗೆ ಅದು ಅಚ್ಚುಮೆಚ್ಚು. ಓಡಿಸುವವನ ಪಾಲಿಗೆ ಮುಖ್ಯವಾಗಿದ್ದ ಗುಣ ಬೇರೆ: ಭಾರವಾದ ಫ್ಲೈವೀಲಿನಿಂದಾಗಿ ಅದರ ಸುತ್ತು ಇಳಿಯುತ್ತಿದ್ದದ್ದು ಬಹಳ ನಿಧಾನ. ಗೇರುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಶ್ ಇಲ್ಲದ ಗೇರ್‌ಬಾಕ್ಸಿನಲ್ಲಿ ಮೇಲಿನ ಗೇರಿಗೆ ಹೋಗಬೇಕಾದರೆ ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಎಂಜಿನ್ನು ಇಳಿಯುವವರೆಗೆ ಕಾದು, ಮತ್ತೆ ಕ್ಲಚ್ ತುಳಿದು ಗೇರ್ ಹಾಕಬೇಕು. ಕೆಳಗಿನ ಗೇರಿಗೆ ಬರುವಾಗ ನ್ಯೂಟ್ರಲ್‌ನಲ್ಲಿ ಎಕ್ಸಿಲರೇಟರ್ ಒತ್ತಿ ಸುತ್ತು ಏರಿಸಿಕೊಳ್ಳಬೇಕು. ನಮ್ಮ ಹಳೆಯ ಡ್ರೈವರುಗಳು ಡಬಲ್ ಕ್ಲಚ್ ಎನ್ನುವುದು ಇದನ್ನೇ. ಸಮತಟ್ಟಿನಲ್ಲಿ ಆ ಕಾಯುವಿಕೆಗೆ ಒಂದು ಲಯವಿತ್ತು, ಅವಸರವಿಲ್ಲದವನಿಗೆ ಅದು ಹಿತವಾಗಿಯೂ ಇತ್ತು. ಏರಿನಲ್ಲಿ ಕಥೆ ಬೇರೆ. ಮೇಲಿನ ಗೇರಿಗೆ ಹೋಗಲು ಕಾಯುವ ಆ ಕ್ಷಣದಲ್ಲೇ 24 ಟನ್ ಹೊತ್ತ ಗಾಡಿ ತನ್ನ ಓಟವನ್ನು ಕಳೆದುಕೊಳ್ಳುತ್ತಿತ್ತು. ಗೇರು ಬೀಳುವ ಹೊತ್ತಿಗೆ ಆ ಗೇರಿಗೆ ಬೇಕಾದ ವೇಗವೇ ಉಳಿದಿರುತ್ತಿರಲಿಲ್ಲ. ಕೆಳಗಿನ ಗೇರಿಗೆ ಬರುವಾಗ ತಪ್ಪಿದರೆ ಗಾಡಿ ನಿಂತೇ ಹೋಗುತ್ತಿತ್ತು. ಕೈಬ್ರೇಕಿನ ಸನ್ನೆಯನ್ನು ಮತ್ತೆ ಮತ್ತೆ ಎಳೆದು ಬಿಗಿ ಮಾಡಿ, ತೀರಾ ಕೆಳಗಿನ ಗೇರಿನಲ್ಲಿ ಮೊದಲಿನಿಂದ ಹೊರಡಬೇಕು.

ಈಗ ಮೊದಲಿನ ವೈರುಧ್ಯಕ್ಕೆ ಮರಳಬಹುದು. ಗಾಡಿಯನ್ನು ಹೊಗಳಿದವನು ಸಮತಟ್ಟಾದ ಪೂರ್ವ ಇಂಗ್ಲೆಂಡಿನಲ್ಲಿ ಓಡಿಸಿದವನೇ, ಬೈದವನು ಕಂಬರ್ಲೆಂಡಿನ ಬೆಟ್ಟಗಳನ್ನು ಹತ್ತಿದವನೇ ಎಂದು ಕೇಳದೆ ಆ ಎರಡು ಮಾತುಗಳನ್ನು ಎದುರುಬದುರು ನಿಲ್ಲಿಸುವುದು ಅನ್ಯಾಯ. ರಸ್ತೆಯಷ್ಟೇ ಮುಖ್ಯವಾದದ್ದು ಕೆಲಸದ ಬಗೆ. ಪಿ. ಜಿ. ಹಾಲೊವೆಲ್ ಅವರ ‘ದ ಲಾರಿ ಡ್ರೈವರ್’ (1968) ಎಂಬ ಸಮಾಜಶಾಸ್ತ್ರೀಯ ಅಧ್ಯಯನ ಚಾಲಕರನ್ನು ಕೆಲಸದ ಬಗೆಯ ಮೇಲೆ ಬೇರ್ಪಡಿಸಿ ನೋಡುತ್ತದೆ. ರಾತ್ರಿಯೆಲ್ಲ ಒಂದೇ ಮಾರ್ಗದಲ್ಲಿ ಹೋಗಿ ಬರುವವನು ಒಂದು ರಸ್ತೆಯ ಪ್ರತಿ ಏರನ್ನೂ ಬಾಯಿಪಾಠ ಮಾಡಿಕೊಂಡಿರುತ್ತಾನೆ, ಎಲ್ಲಿ ಯಾವ ಗೇರು ಎಂಬುದು ಅವನಿಗೆ ತೀರ್ಮಾನವಾಗಿರುತ್ತದೆ. ಸರಕು ಸಿಕ್ಕ ಕಡೆಗೆಲ್ಲ ಹೋಗಿ ವಾರಗಟ್ಟಲೆ ಮನೆ ಬಿಟ್ಟಿರುವವನು ಗುರುತಿಲ್ಲದ ಏರುಗಳನ್ನು ಎದುರಿಸುತ್ತಾನೆ. ಒಂದೇ ಗೇರ್‌ಬಾಕ್ಸು ಮೊದಲನೆಯವನಿಗೆ ಸುಲಭ, ಎರಡನೆಯವನಿಗೆ ಕಂಟಕ.

ಚಾಲಕರ ನೆನಪಿನಲ್ಲಿ ಸದ್ದಿಗೆ ಇರುವ ಸ್ಥಾನವನ್ನೂ ಇದೇ ಹಿನ್ನೆಲೆಯಲ್ಲಿ ನೋಡಬೇಕು. ಕಾಮರ್ ಲಾರಿಗಳಲ್ಲಿ 1954ರಿಂದ ಬಂದ ಟಿಎಸ್3 ಎಂಜಿನ್ನು ಒಂದು ವಿಚಿತ್ರ ಸೃಷ್ಟಿ: ಮೂರು ಸಿಲಿಂಡರ್, ಒಂದೊಂದರಲ್ಲೂ ಎದುರುಬದುರಾಗಿ ಚಲಿಸುವ ಎರಡೆರಡು ಪಿಸ್ಟನ್, ಎರಡು ಸ್ಟ್ರೋಕಿನ ಡೀಸೆಲ್, ಬರೀ 3.26 ಲೀಟರಿನಲ್ಲಿ 105 ಅಶ್ವಶಕ್ತಿ. ಫೋಡೆನ್ ಕಂಪನಿ 1948ರಲ್ಲೇ ತನ್ನದೇ ಎರಡು ಸ್ಟ್ರೋಕಿನ ಎಂಜಿನ್ನನ್ನು ತಂದಿತ್ತು, ಮುಂದೆ 12 ವೇಗಗಳ ಗೇರ್‌ಬಾಕ್ಸನ್ನೂ ಕೊಟ್ಟಿತು. ಗಾರ್ಡ್ನರ್ ಕಡಿಮೆ ಸುತ್ತಿನಲ್ಲೂ ಎಳೆಯುತ್ತಿತ್ತು; ಇವುಗಳಿಗೆ ಸುತ್ತು ಬೀಳಲು ಬಿಡುವಂತಿರಲಿಲ್ಲ, ಕೈ ಸದಾ ಗೇರಿನ ಮೇಲಿರಬೇಕಿತ್ತು. ಅರ್ಧ ಶತಮಾನ ಕಳೆದರೂ ಈ ಎಂಜಿನ್ನುಗಳ ಅಬ್ಬರವನ್ನು, ಕೀರಲು ದನಿಯನ್ನು ಚಾಲಕರು ಬಾಯಲ್ಲೇ ಅನುಕರಿಸಿ ತೋರಿಸುತ್ತಾರೆ. ಇದನ್ನು ಹಳಹಳಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಆ ಕಾಲದ ಬಹುಪಾಲು ಕ್ಯಾಬುಗಳಲ್ಲಿ ಎಂಜಿನ್ನಿನ ಸುತ್ತು ತೋರಿಸುವ ಮೀಟರೇ ಇರಲಿಲ್ಲ. ಗೇರ್ ಬದಲಿಸುವ ಹೊತ್ತನ್ನು ತಿಳಿಸುತ್ತಿದ್ದದ್ದು ಕಿವಿ, ಜೊತೆಗೆ ಪಾದಕ್ಕೆ ತಾಗುವ ಕಂಪನ. ತತ್ವಜ್ಞಾನಿ ಮೈಕೇಲ್ ಪೊಲಾನಿ ಹೇಳಬಲ್ಲುದಕ್ಕಿಂತ ಹೆಚ್ಚು ತಿಳಿದಿರುವ ಜ್ಞಾನವನ್ನು ವಿವರಿಸಿದರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಕೈಪಿಡಿಯಲ್ಲಿ ಎಲ್ಲೂ ಬರೆದಿಡದ ಉಪಕರಣವೊಂದರ ದಾಖಲೆ ಆ ಅನುಕರಣೆ.

ಶ್ಯಾಪ್ ಬೆಟ್ಟದ ಹೆಸರು ಈ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂಗ್ಲೆಂಡಿನ ವಾಯವ್ಯದಿಂದ ಸ್ಕಾಟ್ಲೆಂಡಿಗೆ ಹೋಗುವ ಎ6 ರಸ್ತೆ ಅಲ್ಲಿ ಸುಮಾರು 1,400 ಅಡಿ ಎತ್ತರಕ್ಕೆ ಏರುತ್ತದೆ. 1970ರಲ್ಲಿ ಎಂ6 ಹೆದ್ದಾರಿ ತೆರೆಯುವವರೆಗೆ ಹಿಮ, ಮಂಜು, ಗಾಳಿಯ ನಡುವೆ ಆ ಮಾರ್ಗದ ಉತ್ತರ ದಕ್ಷಿಣದ ಸರಕೆಲ್ಲ ಅದನ್ನು ಹತ್ತಿಳಿಯಬೇಕಿತ್ತು. ಏರಿಗಿಂತ ಇಳಿಜಾರಿನ ನೆನಪು ಹೆಚ್ಚು ಭಯದ್ದು. ಹಳೆಯ ಎಂಟು ಚಕ್ರದ ಗಾಡಿಗಳಲ್ಲಿ ಹಲವಕ್ಕೆ ಮುಂದಿನ ಎರಡನೆಯ ಆಕ್ಸಲಿನಲ್ಲಿ ಬ್ರೇಕೇ ಇರಲಿಲ್ಲ. ಡ್ರಮ್ ಕಾದಂತೆ ಬ್ರೇಕಿನ ಹಿಡಿತ ಸಡಿಲುತ್ತಿತ್ತು. ಹಿಂದೆ ಟ್ರೇಲರ್ ಎಳೆಯುವ ಲಾರಿಯಲ್ಲಿ ಒಬ್ಬ ಜೊತೆಗಾರ ಇರಲೇಬೇಕೆಂದು ಕಾನೂನಿತ್ತು. ಟ್ರೇಲರಿನ ಬ್ರೇಕು ಅವನ ಜವಾಬ್ದಾರಿ. ಇಷ್ಟಾದರೂ ಹಲವರು ಇಳಿಜಾರಿನಲ್ಲಿ ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಗಾಡಿಯನ್ನು ಬಿಟ್ಟುಬಿಡುತ್ತಿದ್ದರು. ಎಂಜಿನ್ನು ತಡೆಹಿಡಿದ ವೇಗ ಆಗ ದುಪ್ಪಟ್ಟಾಗುತ್ತಿತ್ತು, ಏರಿನಲ್ಲಿ ಕಳೆದ ಹೊತ್ತು ಕೈಗೆ ಮರಳುತ್ತಿತ್ತು. ಅದು ಅಪಾಯದ ಆಟವೆಂದು ಅವರಿಗೆ ಗೊತ್ತಿತ್ತು. ಇಂದು ಎ6ರ ಶಿಖರದ ಬಳಿ ಆ ಚಾಲಕರಿಗೂ ಸಿಬ್ಬಂದಿಗೂ ಗೌರವ ಸಲ್ಲಿಸುವ ಸ್ಮಾರಕವಿದೆ. ರಸ್ತೆ ಮಾಡಿದವರನ್ನೂ, ಕೆಟ್ಟ ಹವೆಯಲ್ಲಿ ಸಿಕ್ಕಿಬಿದ್ದವರಿಗೆ ಊಟ ಆಸರೆ ಕೊಟ್ಟ ಸ್ಥಳೀಯರನ್ನೂ ಅದು ನೆನೆಯುತ್ತದೆ.

ನ್ಯೂಟ್ರಲ್‌ನಲ್ಲಿ ಇಳಿಸಿದ ಈ ನೆನಪು ಆಕರಗಳ ಬಗ್ಗೆ ಗಂಭೀರವಾದ ಪ್ರಶ್ನೆಯೊಂದನ್ನು ಎತ್ತುತ್ತದೆ. 1957ರವರೆಗೆ ಭಾರಿ ಲಾರಿಗಳಿಗೆ ಗಂಟೆಗೆ 20 ಮೈಲಿಯ ಮಿತಿ ಇತ್ತು, ಆ ವರ್ಷ ಅದು 30 ಆಯಿತು. 1930ರ ರಸ್ತೆ ಸಂಚಾರ ಕಾಯಿದೆ ಚಾಲನೆಯ ಹೊತ್ತನ್ನು ದಿನಕ್ಕೆ 11 ಗಂಟೆಗೆ ಕಟ್ಟಿಹಾಕಿತ್ತು. ಚಾಲಕ ತನ್ನ ಹೊತ್ತನ್ನು ಹಾಳೆಯಲ್ಲಿ ಬರೆದಿಡಬೇಕಿತ್ತು. ಲೆಕ್ಕ ಸರಳ: ಎಲ್ಲೂ ತಡೆಯಿಲ್ಲದೆ ಹೋದರೂ ದಿನಕ್ಕೆ 220 ಮೈಲಿ. ಲಂಡನ್ನಿಗೂ ಗ್ಲಾಸ್ಗೊಗೂ ಸುಮಾರು 400 ಮೈಲಿ. ಹಾಳೆಯಲ್ಲಿ ಕಾನೂನಿಗೆ ಹೊಂದುವ ಅಂಕಿ ಬರೆದು, ರಸ್ತೆಯಲ್ಲಿ ಅದಕ್ಕಿಂತ ವೇಗವಾಗಿ ಓಡಿಸಿ, ಉಳಿದ ಹೊತ್ತನ್ನು ಕೆಫೆಯಲ್ಲೋ ನಿದ್ದೆಯಲ್ಲೋ ಕಳೆಯುವುದು ವ್ಯಾಪಕವಾಗಿತ್ತು. ಅಂದರೆ ಇಲ್ಲಿ ಲಿಖಿತ ದಾಖಲೆಯೇ ಕೃತಕ, ಐವತ್ತು ವರ್ಷದ ನಂತರ ನಿರ್ಭಯವಾಗಿ ಹೇಳಿದ ಮಾತು ಅದಕ್ಕಿಂತ ನಿಜಕ್ಕೆ ಹತ್ತಿರ. ಪತ್ರಿಕೆಗಳ ಪರೀಕ್ಷಾ ವರದಿಗಳಿಗೂ ಬೇರೆ ರೀತಿಯ ಮಿತಿಯಿದೆ. 1905ರಲ್ಲಿ ಆರಂಭವಾದ ‘ಕಮರ್ಷಿಯಲ್ ಮೋಟರ್’ ಪತ್ರಿಕೆಯ ಪರೀಕ್ಷೆಗಳು ಅಮೂಲ್ಯವಾದವು, ಏರು ಹತ್ತುವ ಹೊತ್ತನ್ನೂ ಬ್ರೇಕಿನ ದೂರವನ್ನೂ ಅಳೆದು ಕೊಡುತ್ತವೆ. ಆದರೆ ಅಲ್ಲಿಯ ಗಾಡಿ ಹೊಸದು, ಹೊರೆ ಸಮತೋಲದ್ದು. ಸ್ಟೇರಿಂಗ್ ಸವೆದ, ಸರಕು ಒಂದು ಕಡೆಗೆ ವಾಲಿದ, ಏಳು ವರ್ಷ ಹಳೆಯ ಗಾಡಿಯನ್ನು ಯಾರೂ ಅವರ ಕೈಗೆ ಕೊಡಲಿಲ್ಲ.

ಆಮೇಲೆ ಹತ್ತಿದ ಗಾಡಿ ಮೊದಲಿನ ಗಾಡಿಯ ನೆನಪನ್ನು ಬದಲಿಸುತ್ತದೆ. 1967ರಿಂದ ಸ್ವೀಡನ್ನಿನ ವೋಲ್ವೊ ಎಫ್86, ಎಫ್88 ಲಾರಿಗಳು ಬ್ರಿಟನ್ನಿಗೆ ಬಂದವು. ಸಿಂಕ್ರೊಮೆಶ್ ಗೇರ್‌ಬಾಕ್ಸು, ಬೆಚ್ಚಗಿನ ಕ್ಯಾಬು, ಮೈಗೆ ಹೊಂದುವ ಸೀಟು. ಗೇರು ಹಾಕಲು ಕಾಯಬೇಕಾಗಿಲ್ಲ, ಚಳಿ ತಡೆಯಲು ಕಾಲಿಗೆ ಚೀಲ ಸುತ್ತಿಕೊಳ್ಳಬೇಕಾಗಿಲ್ಲ. ಲೇಲ್ಯಾಂಡ್ ಬಳಗ 1964ರಲ್ಲಿ ಮುಂದಕ್ಕೆ ಬಾಗಿಸಬಹುದಾದ ಎರ್ಗೊಮ್ಯಾಟಿಕ್ ಕ್ಯಾಬನ್ನು ತಂದಿತ್ತು ನಿಜ. ಆದರೆ 1968ರ ಎಇಸಿ ವಿ8 ಎಂಜಿನ್ನೂ, ಅದೇ ಕಾಲದ ಲೇಲ್ಯಾಂಡ್ 500 ಸರಣಿಯ ಎಂಜಿನ್ನೂ ಪದೇ ಪದೇ ಕೆಟ್ಟು ಹೆಸರು ಕೆಡಿಸಿಕೊಂಡವು. ಆಟ್ಕಿನ್ಸನ್ ಕ್ಯಾಬಿನ ಚಳಿಯನ್ನು ಕುರಿತ ದೂರುಗಳಲ್ಲಿ ಬಹಳಷ್ಟು ವೋಲ್ವೊ ಜೊತೆಗಿನ ಈ ಹೋಲಿಕೆಯ ನಂತರ ಹುಟ್ಟಿದವು ಎಂಬುದು ನನ್ನ ಅನುಮಾನ. 1950ರಲ್ಲಿ ಎಲ್ಲ ಕ್ಯಾಬುಗಳೂ ತಣ್ಣಗಿದ್ದಾಗ ಚಳಿ ಒಂದು ದೂರಾಗಿರಲಿಲ್ಲ, ಹವೆಯ ಭಾಗವಾಗಿತ್ತು. ಎಂಜಿನ್ನು ಪಕ್ಕದಲ್ಲೇ ಕೂತಿದ್ದರಿಂದ ಒಂದು ಕಾಲು ಬೇಯುತ್ತಿತ್ತು, ಇನ್ನೊಂದು ಪೆಡಲಿನ ಸಂದಿನಿಂದ ಬರುವ ಗಾಳಿಗೆ ಕೊರೆಯುತ್ತಿತ್ತು. ಇದನ್ನು ಆ ಪೀಳಿಗೆ ಸಹಿಸಿಕೊಂಡಿತು, ಕಿವಿಯನ್ನೂ ಬೆನ್ನನ್ನೂ ತೆತ್ತಿತು. ಗಾಡಿಯ ಗುಣಗಾನದಲ್ಲಿ ಈ ಬೆಲೆ ಮರೆಯಾಗಬಾರದು.

ಹಳೆಯ ಲಾರಿಗಳ ಸಂರಕ್ಷಣೆಯೂ ನೆನಪನ್ನು ತಿದ್ದುತ್ತಿದೆ. ಲೇಲ್ಯಾಂಡ್ ಊರಿನಲ್ಲೇ ವಾಣಿಜ್ಯ ವಾಹನಗಳ ವಸ್ತುಸಂಗ್ರಹಾಲಯವಿದೆ. ಲಂಡನ್ನಿನಿಂದ ಬ್ರೈಟನ್ನಿಗೆ ಹಳೆಯ ಲಾರಿಗಳ ಯಾತ್ರೆ 1960ರ ದಶಕದಿಂದ ನಡೆದುಬಂದಿದೆ. ಇಂಥ ಯಾತ್ರೆಗಳಲ್ಲಿ ಓಡುವ ಗಾಡಿಗಳು ಬಹುಪಾಲು ಖಾಲಿ. ಖಾಲಿ ಗಾಡಿಯ ಸ್ಟೇರಿಂಗ್ ಹಗುರ, ಬ್ರೇಕು ಚುರುಕು, ಏರು ಸಲೀಸು. ನಿವೃತ್ತನಾದ ಮೇಲೆ ಇಂಥ ಗಾಡಿಯನ್ನು ಮತ್ತೆ ಓಡಿಸಿದ ಚಾಲಕನ ಮಾತಿನಲ್ಲಿ ಹೊಸ ಅನುಭವ ಹಳೆಯದರ ಮೇಲೆ ಕೂತಿರುತ್ತದೆ. ಸಂದರ್ಶನದಲ್ಲಿ ಇದನ್ನು ಮೊದಲೇ ಕೇಳಿ ಗುರುತುಹಾಕಿಕೊಳ್ಳಬೇಕು.

ಈ ವಿಧಾನಕ್ಕೆ ನಮ್ಮಲ್ಲಿಯೂ ಕೆಲಸವಿದೆ. ಲೇಲ್ಯಾಂಡ್ 1947ರಲ್ಲಿ ಹೊರತಂದ ಕಾಮೆಟ್ ಲಾರಿ ರಫ್ತನ್ನು ಮುಂದಿಟ್ಟುಕೊಂಡ ಮಧ್ಯಮ ತೂಕದ ಗಾಡಿ. 1948ರಲ್ಲಿ ಆಸ್ಟಿನ್ ಕಾರು ಜೋಡಿಸಲು ಹುಟ್ಟಿದ ಅಶೋಕ್ ಮೋಟರ್ಸ್ 1950ರಲ್ಲಿ ಲೇಲ್ಯಾಂಡ್ ಜೊತೆ ಒಪ್ಪಂದ ಮಾಡಿಕೊಂಡು, ಮರುವರ್ಷದಿಂದ ಮದ್ರಾಸಿನ ಎಣ್ಣೂರಿನಲ್ಲಿ ಕಾಮೆಟ್ ಜೋಡಿಸತೊಡಗಿತು. 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. 1954ರಿಂದ ಜಮ್‌ಶೆಡ್‌ಪುರದ ಟಾಟಾ ಮರ್ಸಿಡಿಸ್ ಬೆಂಜ್ ಅದರ ಎದುರಾಳಿ. ಎಂಟು ಚಕ್ರದ ದೈತ್ಯಗಳ ನಡುವೆ ಬ್ರಿಟನ್ನಿನ ಚಾಲಕರಿಗೆ ಕಾಮೆಟ್ ಹಗುರ ಗಾಡಿ. ಇಲ್ಲಿ ಅದೇ ವಂಶದ ಗಾಡಿ ಭಾರದ ಗಾಡಿಯಾಯಿತು, ಶಿರಾಡಿಯಂಥ ಘಾಟಿಗಳನ್ನು ಹತ್ತಿತು. ಆ ಮೊದಲ ಪೀಳಿಗೆಯ ಕನ್ನಡ ಡ್ರೈವರುಗಳೂ ಕ್ಲೀನರುಗಳೂ ಈಗ ಎಂಬತ್ತು ದಾಟಿದ್ದಾರೆ. ಅವರ ಬಳಿ ಹೋಗಿ ಲೇಲ್ಯಾಂಡ್ ಚೆನ್ನಾಗಿತ್ತೋ ಬೆಂಜ್ ಚೆನ್ನಾಗಿತ್ತೋ ಎಂದು ಕೇಳಿದರೆ ಪಕ್ಷಪಾತದ ಉತ್ತರ ಬರುತ್ತದೆ. ಅದರ ಬದಲು ಯಾವ ಘಾಟಿ, ಯಾವ ತಿಂಗಳು, ಏನು ಲೋಡು, ಎಷ್ಟು ಟನ್, ಯಾವ ತಿರುವಿನಲ್ಲಿ ಗೇರ್ ಇಳಿಸುತ್ತಿದ್ದಿರಿ, ಎಂಜಿನ್ನು ಆಗ ಹೇಗೆ ಸದ್ದು ಮಾಡುತ್ತಿತ್ತು, ಗೇರು ಬೀಳದಿದ್ದಾಗ ಕ್ಲೀನರ್ ಹಿಂದಿನ ಚಕ್ರಕ್ಕೆ ಏನನ್ನು ಒತ್ತುಕೊಡುತ್ತಿದ್ದ, ಆ ಗಾಡಿ ಬಿಟ್ಟು ಮುಂದೆ ಯಾವುದನ್ನು ಹತ್ತಿದಿರಿ ಎಂದು ಕೇಳಬೇಕು. ಪಕ್ಕದಲ್ಲಿ ಆ ವರ್ಷದ ಕೈಪಿಡಿಯನ್ನೂ ಘಾಟಿಯ ನಕ್ಷೆಯನ್ನೂ ಬಿಚ್ಚಿಟ್ಟುಕೊಂಡು ಕೇಳಿದರೆ ಇನ್ನೂ ಒಳ್ಳೆಯದು. ಅವರೇ ಬೆರಳಿಟ್ಟು ತೋರಿಸುತ್ತಾರೆ.