ಮನೆಯಲ್ಲಿ ಬಿಯರ್: ಮೊದಲ ಕಡಾಯಿಯಿಂದ ಮೊದಲ ಸೀಸೆಯವರೆಗೆ

ಬಾರ್ಲಿ, ಹಾಪ್ಸ್, ನೀರು ಮತ್ತು ಯೀಸ್ಟ್ ಬಳಸಿ, ಮಾರಾಟದ ಉದ್ದೇಶವಿಲ್ಲದೆ, ಸ್ವಂತ ಬಳಕೆಗೆಂದು ಅಡುಗೆಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಕ್ಕೆ ಹೋಮ್‌ಬ್ರೂಯಿಂಗ್ ಎಂದು ಹೆಸರು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಇದು ಸಾಮಾನ್ಯವಾದ ಹವ್ಯಾಸ. ಅಮೆರಿಕದಲ್ಲಿ ರೂಢಿಯಲ್ಲಿರುವ ಒಂದು ಪಾಕದ ಅಳತೆ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಅದರಿಂದ ಹೆಚ್ಚುಕಡಿಮೆ ಐವತ್ತು ಸಣ್ಣ ಸೀಸೆ ತುಂಬುತ್ತವೆ. ಇದರಲ್ಲಿ ಮನುಷ್ಯನ ಕೆಲಸ ಒಂದು ದಿನದ್ದು, ಯೀಸ್ಟಿನ ಕೆಲಸ ಸುಮಾರು ನಾಲ್ಕು ವಾರದ್ದು. ಹೊಸಬರ ತಪ್ಪುಗಳಲ್ಲಿ ಬಹುಪಾಲು ಈ ಎರಡನೆಯ ಅವಧಿಯಲ್ಲಿ ಕೈ ಸುಮ್ಮನಿರದೆ ಆಗುವಂಥವು.

ಬಿಯರ್ ಮತ್ತು ಭಟ್ಟಿ

ಮದ್ಯ ತಯಾರಿಕೆಯನ್ನೆಲ್ಲ ‘ಭಟ್ಟಿ’ ಎಂಬ ಒಂದೇ ಪದಕ್ಕೆ ಗಂಟುಹಾಕುವ ಅಭ್ಯಾಸ ಕನ್ನಡದಲ್ಲಿದೆ. ಬಿಯರಿನ ಮಟ್ಟಿಗೆ ಇದು ತಪ್ಪು. ಭಟ್ಟಿ ಇಳಿಸುವುದೆಂದರೆ ಹುದುಗಿದ ದ್ರವವನ್ನು ಕಾಯಿಸಿ, ಆವಿಯನ್ನು ತಣಿಸಿ, ಆಲ್ಕೋಹಾಲನ್ನು ಸಾಂದ್ರಗೊಳಿಸುವುದು. ವಿಸ್ಕಿ, ಬ್ರಾಂದಿ, ಸಾರಾಯಿ ಈ ಗುಂಪಿನವು. ಬಿಯರನ್ನು ಹುದುಗಿಸುತ್ತಾರೆ, ಅಷ್ಟೇ. ಈ ದೃಷ್ಟಿಯಿಂದ ಅದು ಹೆಂಡಕ್ಕೆ ಹತ್ತಿರ.

ಕಳ್ಳಭಟ್ಟಿ ದುರಂತಗಳ ನೆನಪಿರುವ ಓದುಗರಿಗೆ ಈ ವ್ಯತ್ಯಾಸ ಮುಖ್ಯವಾದುದು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಂಥ ದುರಂತಗಳ ಹಿಂದೆ ಇರುವುದು ಮದ್ಯಕ್ಕೆ ಬೆರೆಸಿದ ಮೆಥನಾಲ್ ಎಂಬ ವಿಷ. ಧಾನ್ಯದ ಸಿಹಿರಸವನ್ನು ಕೇವಲ ಹುದುಗಿಸಿದಾಗ ಅದು ಅಪಾಯಕಾರಿ ಪ್ರಮಾಣದಲ್ಲಿ ಹುಟ್ಟುವುದಿಲ್ಲ. ಕೆಟ್ಟ ಮನೆಬಿಯರು ಸಾಮಾನ್ಯವಾಗಿ ರುಚಿಗೆಟ್ಟಿರುತ್ತದೆಯೇ ಹೊರತು ಪ್ರಾಣಾಂತಿಕವಾಗುವುದಿಲ್ಲ.

ಕಾನೂನಿನ ಹಾದಿ

ಇಂದು ಹವ್ಯಾಸವಾಗಿರುವ ಈ ಕೆಲಸ ಯುರೋಪಿನಲ್ಲಿ ಶತಮಾನಗಳ ಕಾಲ ರೊಟ್ಟಿ ಸುಡುವಂತೆಯೇ ಮನೆವಾರ್ತೆಯ ಭಾಗವಾಗಿತ್ತು. ತೆರಿಗೆಯ ಕಣ್ಣು ಅದರ ಮೇಲೆ ಬಿದ್ದ ಮೇಲೆ ಕಥೆ ಬದಲಾಯಿತು. ಬ್ರಿಟನ್ನಿನಲ್ಲಿ 1880ರಿಂದ ಮನೆಯಲ್ಲಿ ಬಿಯರ್ ಮಾಡುವವರೂ ಪರವಾನಗಿ ಪಡೆಯಬೇಕಾಯಿತು. 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕಿದರು.

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ನಿಷೇಧ ಹೋದಾಗ ಮನೆಯಲ್ಲಿ ವೈನ್ ಮಾಡಲು ಅವಕಾಶ ಸಿಕ್ಕಿತು, ಬಿಯರಿಗೆ ಮಾತ್ರ ಸಿಗಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾಯ್ದೆ ಆ ಕೊರತೆಯನ್ನು ತುಂಬಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಇದ್ದರೆ 100 ಗ್ಯಾಲನ್ ಎಂಬುದು ಮಿತಿ, ಮಾರುವಂತಿಲ್ಲ ಎಂಬುದು ಷರತ್ತು. ಆದರೂ ರಾಜ್ಯಗಳಿಗೆ ತಮ್ಮದೇ ಮಾತು ಉಳಿದಿತ್ತು. ಅಲಬಾಮ ಮತ್ತು ಮಿಸಿಸಿಪಿ ಒಪ್ಪಿದ್ದು 2013ರಲ್ಲಿ.

ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ಮುಂದಿನ ವಿವರಣೆ ಈ ಹವ್ಯಾಸ ಕಾನೂನುಬದ್ಧವಾಗಿರುವ ಅಮೆರಿಕದ ಅಡುಗೆಮನೆಯೊಂದಕ್ಕೆ ಸಂಬಂಧಿಸಿದ್ದು. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಅದೇ ಕಾನೂನು.

ಮೂಲವಸ್ತುಗಳು

ಮಾಲ್ಟ್ ಎಂಬ ಪದ ಕನ್ನಡ ಮನೆಗಳಿಗೆ ಹೊಸದಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ ಮಗುವಿಗೆ ಕಾಯಿಸಿಕೊಡುವ ರಾಗಿ ಮಾಲ್ಟಿನ ಹಿಂದಿರುವ ತತ್ತ್ವವೇ ಬಿಯರಿನ ಮಾಲ್ಟಿಗೂ ಆಧಾರ. ಅಲ್ಲಿ ರಾಗಿ, ಇಲ್ಲಿ ಬಾರ್ಲಿ. ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವಗಳು ಸಿದ್ಧವಾಗುತ್ತವೆ. ಮರಿಗಿಡದ ಆಹಾರಕ್ಕೆಂದು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದು ಅವುಗಳ ಕೆಲಸ. ಸರಿಯಾದ ಹೊತ್ತಿಗೆ ಕಾಳನ್ನು ಒಣಗಿಸಿದರೆ ಬೆಳವಣಿಗೆ ನಿಲ್ಲುತ್ತದೆ, ಕಿಣ್ವ ಉಳಿಯುತ್ತದೆ. ಆ ಮಾಲ್ಟನ್ನು ಒಡೆದು ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟರೆ ಕಿಣ್ವಗಳು ಮತ್ತೆ ಎಚ್ಚೆತ್ತು ಸಿಹಿರಸವನ್ನು ಕೊಡುತ್ತವೆ.

ಮೊದಲ ಸಲ ಮಾಡುವವರು ಈ ಹಂತವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಯಾರೋ ಆಗಲೇ ತೆಗೆದು, ಬತ್ತಿಸಿ, ಡಬ್ಬಿಗೆ ತುಂಬಿದ ಮಾಲ್ಟ್ ಸಾರವನ್ನು ಕೊಂಡುತರುತ್ತಾರೆ. ನೋಡಲು ಅದು ಜೋನಿಬೆಲ್ಲ, ವಾಸನೆ ಮಾತ್ರ ಹುರಿದ ಧಾನ್ಯದ್ದು. 19 ಲೀಟರಿಗೆ ಸುಮಾರು 3 ಕಿಲೋ ಬೇಕು. ಇದನ್ನು ಅಡ್ಡದಾರಿ ಎಂದು ಮೂಗು ಮುರಿಯುವ ಹಳಬರಿದ್ದಾರೆ. ಆದರೆ ಮೊದಲ ಪ್ರಯತ್ನದಲ್ಲಿ ಕಲಿಯಬೇಕಾದದ್ದು ಹುದುಗುವಿಕೆ, ಧಾನ್ಯದ ಲೆಕ್ಕವನ್ನು ಆಮೇಲೆ ಕಲಿಯಬಹುದು.

ಹಾಪ್ಸ್ ಒಂದು ಬಳ್ಳಿಯ ಹೆಣ್ಣು ಹೂಗೊಂಚಲು. ಸಸ್ಯಶಾಸ್ತ್ರದ ಪ್ರಕಾರ ಅದು ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ್ದು, ಅಮಲಿನ ಗುಣ ಮಾತ್ರ ಇಲ್ಲ. ಹೂವಿನ ಎಸಳುಗಳ ಬುಡದಲ್ಲಿರುವ ಹಳದಿ ಪುಡಿಯಲ್ಲಿ ಆಲ್ಫಾ ಆಮ್ಲಗಳಿರುತ್ತವೆ. ಕುದಿಯುವಾಗ ಅವುಗಳ ರಚನೆ ಬದಲಾಗಿ ಕಹಿ ಬಿಡುತ್ತದೆ. ಈ ಕಹಿ ಮಾಲ್ಟಿನ ಸಿಹಿಯನ್ನು ಸರಿತೂಗಿಸುವುದರ ಜೊತೆಗೆ ಹಲವು ಬಗೆಯ ಬ್ಯಾಕ್ಟೀರಿಯಗಳನ್ನೂ ತಡೆಯುತ್ತದೆ.

ಯೀಸ್ಟ್ ಏಕಕೋಶದ ಶಿಲೀಂಧ್ರ. 1516ರ ಬವೇರಿಯದ ಪ್ರಸಿದ್ಧ ಶುದ್ಧತಾ ಶಾಸನ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮೂರೇ ಸಾಕೆಂದಿತು. ಯೀಸ್ಟಿನ ಹೆಸರು ಅದರಲ್ಲಿಲ್ಲ, ಏಕೆಂದರೆ ಅದರ ಪಾತ್ರವೇನೆಂದು ಆಗ ತಿಳಿದಿರಲಿಲ್ಲ. ಲೂಯಿ ಪಾಶ್ಚರ್ ಬಿಯರಿನ ಕುರಿತ ಗ್ರಂಥವನ್ನು ಪ್ರಕಟಿಸಿದ್ದು 1876ರಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಯೀಸ್ಟಿನ ಶುದ್ಧ ತಳಿಯನ್ನು ಪ್ರತ್ಯೇಕಿಸಿದ್ದು 1883ರಲ್ಲಿ. ಇಂದು ಹೊಸಬರು ಕೊಳ್ಳುವ ಹನ್ನೊಂದು ಗ್ರಾಮಿನ ಒಣ ಯೀಸ್ಟಿನ ಪೊಟ್ಟಣ ಆ ಪ್ರಯೋಗದ ವಂಶಸ್ಥ. ಅದು ಬಹುಪಾಲು ಏಲ್ ಜಾತಿಯದಾಗಿರುತ್ತದೆ. 18ರಿಂದ 21 ಡಿಗ್ರಿಯಲ್ಲಿ, ಅಂದರೆ ಮನೆಯ ತಂಪು ಮೂಲೆಯಲ್ಲೇ, ಇದು ಕೆಲಸ ಮಾಡುತ್ತದೆ. ಲಾಗರ್ ಜಾತಿಗೆ ಹತ್ತು ಡಿಗ್ರಿಯ ಆಸುಪಾಸಿನ ಚಳಿ ಬೇಕು, ಆದ್ದರಿಂದ ಅದು ಮೊದಲ ಪಾಕಕ್ಕೆ ತಕ್ಕುದಲ್ಲ.

ಕುದಿಸುವ ದಿನ

ದೊಡ್ಡ ಪಾತ್ರೆಯಲ್ಲಿ ಹತ್ತು ಲೀಟರಿನಷ್ಟು ನೀರು ಕಾದ ಮೇಲೆ ಒಲೆ ಆರಿಸಿ ಮಾಲ್ಟ್ ಸಾರವನ್ನು ಸುರಿಯುತ್ತಾರೆ. ಉರಿಯ ಮೇಲೆಯೇ ಸುರಿದರೆ ಅದು ನೇರ ತಳಕ್ಕಿಳಿದು ಸೀಯುತ್ತದೆ, ಪಾಯಸ ತಳ ಹಿಡಿದಂತೆ, ಮತ್ತು ಆ ವಾಸನೆ ಕೊನೆಯ ಸೀಸೆಯವರೆಗೂ ಬಿಡುವುದಿಲ್ಲ. ಪೂರ್ತಿ ಕರಗಿದ ಈ ಸಿಹಿರಸಕ್ಕೆ ವರ್ಟ್ ಎಂದು ಹೆಸರು.

ಒಲೆ ಮತ್ತೆ ಹೊತ್ತಿಸಿದ ಬಳಿಕದ ಕೆಲವು ನಿಮಿಷಗಳಲ್ಲಿ ಮೊದಲ ಅನಾಹುತ ಕಾದಿರುತ್ತದೆ. ಕುದಿ ಹತ್ತುವ ಕ್ಷಣದಲ್ಲಿ ರಸದ ಪ್ರೋಟೀನುಗಳು ಕಂದುಬಣ್ಣದ ದಪ್ಪ ನೊರೆಯಾಗಿ ಮೇಲೇಳುತ್ತವೆ. ಹಾಲು ಉಕ್ಕುವುದನ್ನು ಕಾಯುತ್ತ ನಿಂತವರಿಗೆ ಈ ಕ್ಷಣ ಪರಿಚಿತವೇ. ವ್ಯತ್ಯಾಸವೆಂದರೆ, ಉಕ್ಕಿದ ವರ್ಟ್ ಒಲೆಯ ಮೇಲೆ ಕಲ್ಲಿನಂಥ ಪಾಕವಾಗಿ ಅಂಟುತ್ತದೆ. ಉರಿ ತಗ್ಗಿಸಿ, ಸೌಟಿನಲ್ಲಿ ಕಲಕಿ, ತಣ್ಣೀರು ಚಿಮುಕಿಸಿದರೆ ನೊರೆ ಕುಸಿಯುತ್ತದೆ. ಆಗ ಮೊದಲ ಕಂತಿನ ಹಾಪ್ಸ್, ಸುಮಾರು 28 ಗ್ರಾಂ, ಪಾತ್ರೆಗೆ ಬೀಳುತ್ತದೆ. ಅಲ್ಲಿಂದ 60 ನಿಮಿಷ ಕುದಿತ. ಮೊದಲು ಹಾಕಿದ ಹಾಪ್ಸ್ ಕಹಿ ಕೊಡುತ್ತದೆ, ಆದರೆ ಅದರ ಸುವಾಸನೆಯ ತೈಲಗಳೆಲ್ಲ ಆವಿಯಾಗಿ ಹೋಗುತ್ತವೆ. ಆದ್ದರಿಂದ ಪರಿಮಳಕ್ಕೆಂದು ಇನ್ನೊಂದು ಕಂತನ್ನು ಕೊನೆಯ ಐದು ನಿಮಿಷಕ್ಕೆ ಕಾದಿರಿಸುತ್ತಾರೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಇಳಿಸುವಾಗ ಹಾಕುವುದೂ ಇದೇ ಕಾರಣಕ್ಕೆ.

ಕುದಿ ಮುಗಿದ ಮೇಲೆ ರಸವನ್ನು ಬೇಗನೆ 20 ಡಿಗ್ರಿಯ ಹತ್ತಿರಕ್ಕೆ ತಣಿಸಬೇಕು. ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು, ಬಳಿಕ ತಣ್ಣೀರು ಸೇರಿಸಿ 19 ಲೀಟರಿಗೆ ಮುಟ್ಟಿಸುತ್ತಾರೆ. ಬಿಸಿರಸಕ್ಕೆ ಯೀಸ್ಟ್ ಸುರಿದರೆ ಅದು ಸಾಯುತ್ತದೆ.

ಶುಚಿತ್ವ

ಕುದಿಯುತ್ತಿರುವವರೆಗೆ ರಸವೇ ತನ್ನನ್ನು ಕಾಪಾಡಿಕೊಳ್ಳುತ್ತದೆ. ತಣಿದ ಕ್ಷಣದಿಂದ ಅದು ಗಾಳಿಯಲ್ಲಿರುವ ಸಕಲ ಸೂಕ್ಷ್ಮಾಣುಗಳಿಗೂ ಹಬ್ಬದೂಟ. ದೋಸೆಹಿಟ್ಟಿನಲ್ಲಿ ತಾವಾಗಿ ಬಂದು ಸೇರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯ ನಮಗೆ ಬೇಕಾದ ಅತಿಥಿ, ಸಾಮಾನ್ಯ ಬಿಯರಿನಲ್ಲಿ ಅದೇ ಬೇಡವಾದ ಅತಿಥಿ. ಹಾಗಾಗಿ ತಣಿದ ರಸಕ್ಕೆ ತಾಗುವ ಡಬ್ಬಿ, ಕೊಳವೆ, ಚಮಚ, ಮುಚ್ಚಳ ಎಲ್ಲವನ್ನೂ ಎರಡು ಸಲ ಶುಚಿಗೊಳಿಸುತ್ತಾರೆ. ಮೊದಲು ಕೊಳೆ ಹೋಗುವಂತೆ ತೊಳೆಯುವುದು, ಆಮೇಲೆ ಅಯೋಡಿನ್ ಅಥವಾ ಫಾಸ್ಫಾರಿಕ್ ಆಮ್ಲ ಆಧಾರಿತ ದ್ರಾವಣದಲ್ಲಿ ಅದ್ದುವುದು. ಗೀರು ಬಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಎಷ್ಟು ತೊಳೆದರೂ ನಂಬುವಂತಿಲ್ಲ, ಗೀರಿನೊಳಗೆ ಸೂಕ್ಷ್ಮಾಣುಗಳು ಅಡಗುತ್ತವೆ.

ಯೀಸ್ಟಿನ ಕೆಲಸ

ಯೀಸ್ಟ್ ಹಾಕುವ ಮುನ್ನ ರಸವನ್ನು ಚೆನ್ನಾಗಿ ಕುಲುಕಿ ಗಾಳಿ ಸೇರಿಸುತ್ತಾರೆ. ಸಂಖ್ಯೆಯಲ್ಲಿ ಹೆಚ್ಚಲು ಯೀಸ್ಟಿಗೆ ಮೊದಮೊದಲು ಆಮ್ಲಜನಕ ಬೇಕು. ಆಮೇಲೆ ಅದೇ ಆಮ್ಲಜನಕ ಬಿಯರಿನ ಶತ್ರು. ಡಬ್ಬಿಯ ಮುಚ್ಚಳಕ್ಕೆ ಏರ್‌ಲಾಕ್ ಎಂಬ ಪುಟ್ಟ ನೀರಿನ ಬೀಗವನ್ನು ಸಿಕ್ಕಿಸುತ್ತಾರೆ. ಒಳಗಿನ ಅನಿಲ ನೀರನ್ನು ಭೇದಿಸಿ ಹೊರಬರುತ್ತದೆ, ಹೊರಗಿನ ಗಾಳಿ ಒಳಹೋಗುವುದಿಲ್ಲ.

ಮೊದಲ ಆರರಿಂದ ಇಪ್ಪತ್ನಾಲ್ಕು ಗಂಟೆ ಏನೂ ಕಾಣಿಸದಿರಬಹುದು. ಎಲ್ಲ ಕೆಟ್ಟಿತೆಂದು ಹೊಸಬರು ಮುಚ್ಚಳ ತೆರೆಯುವುದು, ಅದರಿಂದಲೇ ಕೆಡಿಸಿಕೊಳ್ಳುವುದು ಈ ಹೊತ್ತಿನಲ್ಲಿ. ಬಳಿಕ ಒಮ್ಮೆ ‘ಗುಳುಕ್’ ಎನ್ನುತ್ತದೆ, ಮರುದಿನಕ್ಕೆ ಆ ಸದ್ದು ಎಡೆಬಿಡದಂತಾಗುತ್ತದೆ. ಗ್ಲೂಕೋಸಿನ ಪ್ರತಿ ಅಣುವೂ ಆಲ್ಕೋಹಾಲಿನ ಎರಡು ಅಣು, ಇಂಗಾಲದ ಡೈಆಕ್ಸೈಡಿನ ಎರಡು ಅಣುಗಳಾಗಿ ಒಡೆಯುತ್ತಿರುತ್ತದೆ. ಮೇಲ್ಮೈಯಲ್ಲಿ ಕ್ರಾಯ್ಸನ್ ಎಂಬ ಕೆನೆಬಣ್ಣದ ನೊರೆ ನಿಲ್ಲುತ್ತದೆ. ಡಬ್ಬಿಯಲ್ಲಿ ಜಾಗ ಸಾಲದಿದ್ದರೆ ಆ ನೊರೆ ನೀರಿನ ಬೀಗಕ್ಕೇ ನುಗ್ಗುತ್ತದೆ. ದಾರಿ ಕಟ್ಟಿಕೊಂಡು ಮುಚ್ಚಳ ಹಾರಿ, ಮಾಡಿನವರೆಗೂ ನೊರೆ ಚಿಮ್ಮಿದ ಪ್ರಸಂಗಗಳು ಹವ್ಯಾಸಿಗಳ ನಡುವೆ ಹೇರಳ.

ಹುದುಗುವಿಕೆಯೇ ಶಾಖ ಹುಟ್ಟಿಸುತ್ತದೆ, ಆದ್ದರಿಂದ ಡಬ್ಬಿಯೊಳಗಿನ ಉಷ್ಣತೆ ಕೋಣೆಯದಕ್ಕಿಂತ ಕೆಲವು ಡಿಗ್ರಿ ಹೆಚ್ಚಿರುತ್ತದೆ. ಇದು ಮಿತಿಮೀರಿದರೆ ಯೀಸ್ಟ್ ಅವಸರದಲ್ಲಿ ಗಂಟಲು ಸುಡುವ ಭಾರದ ಆಲ್ಕೋಹಾಲುಗಳನ್ನು ತಯಾರಿಸುತ್ತದೆ. ಒದ್ದೆ ಟವೆಲ್ ಸುತ್ತಿ ನೀರಿನ ತೊಟ್ಟಿಯಲ್ಲಿ ಡಬ್ಬಿಯನ್ನು ನಿಲ್ಲಿಸುವುದು ಅಗ್ಗದ ಪರಿಹಾರ. ಮಡಕೆಯ ನೀರು ತಣ್ಣಗಾಗುವ ತತ್ತ್ವವೇ ಇಲ್ಲಿ ದುಡಿಯುತ್ತದೆ.

ಗುಳ್ಳೆ ನಿಂತ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. ನಡುವೆ ತಾನೇ ಹುಟ್ಟಿಸಿದ ಅನಪೇಕ್ಷಿತ ವಸ್ತುಗಳನ್ನು ಯೀಸ್ಟ್ ಎರಡನೆಯ ವಾರದಲ್ಲಿ ಮರಳಿ ಹೀರಿಕೊಳ್ಳುತ್ತದೆ.

ಆಲ್ಕೋಹಾಲಿನ ಲೆಕ್ಕ

ಮುಗಿದಿದೆಯೇ ಎಂದು ಹೇಳಬಲ್ಲ ಉಪಕರಣ ಹೈಡ್ರೋಮೀಟರ್, ಅಂದರೆ ಸಾಂದ್ರತಾಮಾಪಕ. ಸಕ್ಕರೆ ಹೆಚ್ಚಿದ್ದಷ್ಟೂ ಈ ಗಾಜಿನ ಕಡ್ಡಿ ಮೇಲೆ ತೇಲುತ್ತದೆ. ಯೀಸ್ಟ್ ಹಾಕುವ ದಿನ ಅದು 1.050 ತೋರಿಸಿ, ಎರಡು ವಾರದ ಬಳಿಕ 1.012ಕ್ಕೆ ಇಳಿದಿದೆ ಎಂದುಕೊಳ್ಳೋಣ. ವ್ಯತ್ಯಾಸ 0.038. ಇದನ್ನು 131ರಿಂದ ಗುಣಿಸಿದರೆ ಬರುವ ಸುಮಾರು 5 ಎಂಬ ಸಂಖ್ಯೆಯೇ ಆಲ್ಕೋಹಾಲಿನ ಶೇಕಡಾವಾರು ಪ್ರಮಾಣ. ಅಂಕಿ 1.000ಕ್ಕೆ ಇಳಿಯದಿರಲು ಕಾರಣ, ಯೀಸ್ಟ್ ಜೀರ್ಣಿಸಲಾಗದ ದೊಡ್ಡ ಸಕ್ಕರೆಗಳು ಉಳಿದಿರುತ್ತವೆ. ಬಾಯಿಗೆ ತುಂಬಿದಂತೆನಿಸುವ ಗುಣ ಬಿಯರಿಗೆ ಬಹುಮಟ್ಟಿಗೆ ಅವುಗಳಿಂದ ಬರುತ್ತದೆ. ಎರಡು ಮೂರು ದಿನಗಳ ಅಂತರದಲ್ಲಿ ಅಳೆದಾಗಲೂ ಅಂಕಿ ಒಂದೇ ಇದ್ದರೆ ಹುದುಗುವಿಕೆ ಮುಗಿದಿದೆ ಎಂದರ್ಥ.

ಸೀಸೆಗೆ ತುಂಬುವುದು

ಡಬ್ಬಿಯಲ್ಲಿರುವ ಬಿಯರಿನಲ್ಲಿ ಆಲ್ಕೋಹಾಲ್ ಇದೆ, ನೊರೆಯಿಲ್ಲ. ನೊರೆಗಾಗಿ 19 ಲೀಟರಿಗೆ ಸುಮಾರು 115 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ, ಆರಿಸಿ ಬೆರೆಸುತ್ತಾರೆ. ಪ್ರತಿ ಸೀಸೆಯ ಪಾಲಿಗೆ ಎರಡು ಗ್ರಾಮಿಗಿಂತ ತುಸು ಹೆಚ್ಚು ಬರುತ್ತದೆ. ಬಿಯರಿನಲ್ಲಿ ಉಳಿದ ಯೀಸ್ಟ್ ಅದನ್ನು ತಿಂದು ಬಿಡುವ ಅನಿಲ, ಹೊರಹೋಗಲು ದಾರಿಯಿಲ್ಲದೆ ದ್ರವದಲ್ಲೇ ಕರಗುತ್ತದೆ. ಇದಕ್ಕೆ ಸಾಧಾರಣ ಬೆಚ್ಚನೆಯ ಜಾಗದಲ್ಲಿ ಎರಡು ವಾರ ಬೇಕು.

ಈ ಹವ್ಯಾಸದ ನಿಜವಾದ ಅಪಾಯವಿರುವುದು ಇಲ್ಲಿ. ಹುದುಗುವಿಕೆ ಮುಗಿಯುವ ಮೊದಲೇ ತುಂಬಿದರೆ, ಅಥವಾ ಸಕ್ಕರೆ ಕೈಜಾರಿ ಬಿದ್ದರೆ, ಒತ್ತಡ ತಾಳದೆ ಗಾಜು ಸಿಡಿಯುತ್ತದೆ. ಆದ್ದರಿಂದ ಬಿಯರಿಗೆಂದೇ ಮಾಡಿದ ದಪ್ಪ ಸೀಸೆ ಬೇಕು, ಅದನ್ನು ಮುಚ್ಚಿದ ಪೆಟ್ಟಿಗೆಯಲ್ಲಿಡಬೇಕು. ಸೀಸೆ ಕಂದುಬಣ್ಣದ್ದಾದರೆ ಒಳ್ಳೆಯದು. ಬೆಳಕು ತಾಗಿದರೆ ಹಾಪ್ಸಿನ ಕಹಿ ಒಡೆದು ದುರ್ವಾಸನೆ ಹುಟ್ಟುತ್ತದೆ.

ರುಚಿಯಿಂದ ದೋಷ ಪತ್ತೆ

ಬೆಣ್ಣೆಯ ವಾಸನೆ ಬಂದರೆ ಡೈಅಸಿಟೈಲ್ ಉಳಿದಿದೆ, ಯೀಸ್ಟಿಗೆ ಇನ್ನಷ್ಟು ದಿನ ಬೇಕಿತ್ತು. ಎಳೆ ಸೇಬಿನ ವಾಸನೆಗೆ ಅಸಿಟಾಲ್ಡಿಹೈಡ್ ಕಾರಣ, ಅದೂ ಅವಸರದ್ದೇ ಗುರುತು. ಒದ್ದೆ ರಟ್ಟಿನ ವಾಸನೆ ಬಂದರೆ ತುಂಬುವಾಗ ಗಾಳಿ ಸೇರಿದೆ. ಹುಳಿ ಬಂದಿದ್ದರೆ ತೊಳೆಯುವಾಗ ಎಲ್ಲೋ ಕೈ ತಪ್ಪಿದೆ. ತಳದಲ್ಲಿ ತೆಳುವಾಗಿ ಕೂತ ಬಿಳಿ ಗಸಿ ಮಾತ್ರ ದೋಷವಲ್ಲ, ಕೆಲಸ ಮುಗಿಸಿ ಮಲಗಿದ ಯೀಸ್ಟ್ ಅದು. ಸೀಸೆಯನ್ನು ನಿಧಾನವಾಗಿ ಬಾಗಿಸಿ, ಕೊನೆಯ ಗುಟುಕನ್ನು ಸೀಸೆಯಲ್ಲೇ ಬಿಟ್ಟು ಬಗ್ಗಿಸುತ್ತಾರೆ.

ಮನೆಯಿಂದ ಉದ್ಯಮಕ್ಕೆ

ಅಮೆರಿಕದ ಸಣ್ಣ ಬಿಯರ್ ತಯಾರಕರಲ್ಲಿ ಹಲವರು ಅಡುಗೆಮನೆಯಲ್ಲಿ ಕಲಿತವರು. ಕ್ಯಾಲಿಫೋರ್ನಿಯದ ಚಿಕೋ ಪಟ್ಟಣದಲ್ಲಿ ಹವ್ಯಾಸಿಗಳಿಗೆ ಸಾಮಗ್ರಿ ಮಾರುತ್ತಿದ್ದ ಕೆನ್ ಗ್ರಾಸ್‌ಮನ್ 1980ರಲ್ಲಿ ಸಿಯೆರಾ ನೆವಾಡ ಹೆಸರಿನಲ್ಲಿ ಬಿಯರ್ ತಯಾರಿಸತೊಡಗಿದರು. ಕೊಲರಾಡೊದ ಚಾರ್ಲಿ ಪಪೇಜಿಯನ್ 1978ರಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದವರಲ್ಲಿ ಒಬ್ಬರು. 1984ರಲ್ಲಿ ಬಂದ ಅವರ ಕೈಪಿಡಿ ಇಂದಿಗೂ ಹೊಸಬರ ಮೊದಲ ಪುಸ್ತಕ.

ಬೆಂಗಳೂರಿನಲ್ಲಿ 2010ರ ಆಸುಪಾಸಿನಿಂದ ಹಬ್ಬಿದ ಮೈಕ್ರೋಬ್ರೂವರಿಗಳು ಪರವಾನಗಿ ಪಡೆದು ಇದೇ ಕ್ರಮವನ್ನು ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ನಡೆಸುತ್ತವೆ. ಬೇಸಿಗೆಯಲ್ಲಿ ಮಾವಿನಹಣ್ಣಿನ ಬಿಯರೂ ಅಲ್ಲಿ ಬರುತ್ತದೆ. ಗಾಜಿನ ಗೋಡೆಯಾಚೆ ಹೊಳೆಯುವ ಆ ತೊಟ್ಟಿಗಳ ನಡುವೆ, ರಬ್ಬರ್ ಬೂಟು ಹಾಕಿದ ಕೆಲಸಗಾರನೊಬ್ಬ ಕೊಳವೆ ಹಿಡಿದು ತೊಳೆಯುತ್ತಿರುವುದು ಗಿರಾಕಿಗಳಿಗೆ ಆಗಾಗ ಕಾಣಿಸುತ್ತದೆ.